ಮಾಡು ಬಿಚ್ಚಿ ಇಳಿಸಿದ ಒಗೆಯುವ ಯಂತ್ರ

ನಮ್ಮದು ಬಟ್ಟೆ ಒಗೆಯುವ ಮನೆ. ಕಾಪು ಪೇಟೆಯಿಂದ ದೀಪಸ್ತಂಭದ ಕಡೆಗೆ ಸ್ವಲ್ಪ ದೂರ ನಡೆದು ಎಡಕ್ಕೆ ತೆಂಗಿನ ತೋಟಕ್ಕೆ ಇಳಿದರೆ ಮಣ್ಣಿನ ಗೋಡೆಯ, ಹಂಚಿನ ಮಾಡಿನ ನಮ್ಮ ಮನೆ ಸಿಗುತ್ತಿತ್ತು. ಮನೆಯ ಹಿಂದೆ ಬಾವಿ. ಬಾವಿಯ ಪಕ್ಕದಲ್ಲಿ ಎರಡು ಒಗೆಯುವ ಕಲ್ಲು, ಒಂದು ಅಜ್ಜಿಯದು, ಇನ್ನೊಂದು ಅಮ್ಮನದು. ಉಡುಪಿಯ ಒಂದು ಲಾಡ್ಜಿನ ಚಾದರ, ದಿಂಬಿನ ಚೀಲಗಳು ಗಂಟು ಗಂಟಾಗಿ ಬಸ್ಸಿನ ಮೇಲೆ ಬರುತ್ತಿದ್ದವು. ಊರಿನ ಮನೆಗಳ ಬಟ್ಟೆ ಬೇರೆ. ಹೆರಿಗೆಯಾದ ಮನೆಗಳ ಬಟ್ಟೆಯನ್ನು ಮಾತ್ರ ಅಜ್ಜಿ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅವಳು ಒಗೆದು ಕೊಟ್ಟ ಬಟ್ಟೆ ಉಟ್ಟ ಮೇಲೆಯೇ ಬಾಣಂತಿ ಹೊರಗೆ ಬರುವುದು, ಮಗು ತೊಟ್ಟಿಲು ಏರುವುದು. ಅಪ್ಪ ಹೆದ್ದಾರಿಯ ಬದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದರು. ಕೆಂಡ ತುಂಬಿಸುವ ದೊಡ್ಡ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ ಅವರದು. ನಾನು ಶಾಲೆಯಿಂದ ಬಂದ ಮೇಲೆ ಒಣಗಿದ್ದನ್ನು ಮಡಚುತ್ತಿದ್ದೆ.

ಮಳೆಗಾಲದಲ್ಲಿ ಅಮ್ಮನ ಬೆರಳುಗಳ ಸಂದು ಬಿರಿದು ಬೆಳ್ಳಗಾಗುತ್ತಿತ್ತು. ಊಟಕ್ಕೆ ಕೂತಾಗ ಸಾರಿನ ಹುಳಿ ತಾಗಿದರೆ ಅವಳು ಬಾಯಿಯಲ್ಲಿ ಗಾಳಿ ಎಳೆದುಕೊಳ್ಳುತ್ತಿದ್ದಳು. ಆಮೇಲೆ ಮತ್ತೆ ಉಣ್ಣುತ್ತಿದ್ದಳು. ಅದು ನಮ್ಮ ಮನೆಯಲ್ಲಿ ಮಾತಾಡುವ ವಿಷಯವೇ ಆಗಿರಲಿಲ್ಲ.

ನನ್ನ ಚಿಕ್ಕಪ್ಪ ಗಲ್ಫಿಗೆ ಹೋಗಿ ಆಗ ಐದು ವರ್ಷವಾಗಿತ್ತು. ಹೋಗುವ ಮೊದಲು ಅಜ್ಜಿಯ ಎದುರು ನಿಂತು, "ಊರವರ ಕೊಳೆ ಬಡಿಯುವುದು ನನ್ನಿಂದ ಇನ್ನು ಆಗುವುದಿಲ್ಲ" ಎಂದು ಹೇಳಿ ಹೋದವರು. ಆಸ್ಪತ್ರೆಯಲ್ಲಿ ಕೆಲಸ ಎಂದು ಕಾಗದದಲ್ಲಿ ಬರೆದಿದ್ದರು. ಎಂತ ಕೆಲಸ ಎಂದು ಬರೆದಿರಲಿಲ್ಲ. ಅಜ್ಜಿ ಕೇಳಿದವರಿಗೆಲ್ಲ, "ಅವನು ಡಾಕ್ಟರರ ಹತ್ತಿರ ಇದ್ದಾನೆ" ಎನ್ನುತ್ತಿದ್ದಳು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಎಂಬತ್ತರ ದಶಕದ ನಡುವಿನ ಒಂದು ಬೇಸಗೆಯಲ್ಲಿ, ನಮ್ಮ ದಾರಿಯ ತಿರುವಿನ ಜೀನಸು ಅಂಗಡಿಯ ಸಾಹೇಬರು ಮನೆಗೆ ಬಂದರು. ಅವರ ಅಳಿಯ ಗಲ್ಫ್ ಬಿಟ್ಟು ಕಾರ್ಕಳದ ತಮ್ಮ ಮನೆಗೆ ಶಾಶ್ವತವಾಗಿ ಬಂದಿದ್ದರು. ಅವರ ಸಾಮಾನು ಹಡಗಿನಲ್ಲಿ ಬೊಂಬಾಯಿಗೆ, ಅಲ್ಲಿಂದ ಲಾರಿಯಲ್ಲಿ ಕಟಪಾಡಿಗೆ ಬಂದಿತ್ತು.

"ಅಳಿಯನ ಸಾಮಾನಿನ ಜೊತೆ ನಿನ್ನ ತಮ್ಮ ಒಂದು ಮಿಷನ್ ಕಳಿಸಿದ್ದಾನೆ ಮಾರಾಯ" ಎಂದರು ಸಾಹೇಬರು ಅಪ್ಪನಿಗೆ. "ಬಟ್ಟೆ ಒಗೆಯುವ ಮಿಷನ್. ಕಟಪಾಡಿಯಲ್ಲಿ ಇಳಿಸಿಟ್ಟಿದ್ದಾರೆ. ಎತ್ತಲಿಕ್ಕೆ ಇಬ್ಬರಿಂದ ಆಗುವುದಿಲ್ಲ, ನಾಲ್ಕು ಜನ ಬೇಕು."

ಅಪ್ಪ ನಂಬಲಿಲ್ಲ. ಅಮ್ಮ ಕೈಯಲ್ಲಿದ್ದ ಚಾದರವನ್ನು ಕಲ್ಲಿನ ಮೇಲೆ ಇಟ್ಟು ಎದ್ದು ನಿಂತಳು. ಅಜ್ಜಿ ಒಗೆಯುವುದನ್ನು ನಿಲ್ಲಿಸಲಿಲ್ಲ.

ಮರುದಿನ ಟೆಂಪೋ ಹೆದ್ದಾರಿಯವರೆಗೆ ತಂದು ಇಳಿಸಿತು. ನಮ್ಮ ಓಣಿ ಬರೀ ಹೊಯಿಗೆ. ಕೈಗಾಡಿಯ ಚಕ್ರ ಮರಳಿನಲ್ಲಿ ಹೂತುಹೋಯಿತು. ಕೊನೆಗೆ ಎರ್ಮಾಳಿನ ನಾಲ್ವರು ಮೀನುಗಾರರು ಬಂದರು. ದೋಣಿಯ ಎಂಜಿನನ್ನು ಹೊತ್ತು ಅಭ್ಯಾಸವಿದ್ದವರು ಅವರು. ಹಗ್ಗದಲ್ಲಿ ಪೆಟ್ಟಿಗೆಯನ್ನು ಕಟ್ಟಿ, ಎರಡು ಉದ್ದದ ಬಿದಿರು ತೂರಿಸಿ, ಹೆಗಲಿಗೆ ಏರಿಸಿಕೊಂಡು, ಕಡಲಿನಲ್ಲಿ ಬಲೆ ಎಳೆಯುವಾಗ ಹಾಕುವ ಕೂಗನ್ನೇ ಹಾಕುತ್ತ ಹೆಜ್ಜೆ ಇಟ್ಟರು. ಹಿಂದಿನಿಂದ ಅರ್ಧ ಊರು ಬಂತು. ಅಂಗಳದಲ್ಲಿ ಮರದ ಪೆಟ್ಟಿಗೆಯ ಹಲಗೆ ಕಿತ್ತಾಗ ಒಳಗಿನಿಂದ ಕಾಣಿಸಿದ ಬಿಳಿ ನನಗೆ ಈಗಲೂ ನೆನಪಿದೆ. ನಾವು ಬಿಳಿ ಬಟ್ಟೆಯ ಮನೆಯವರು. ನೀಲಿ ಹಾಕಿ, ಬಿಸಿಲಿಗೆ ಒಡ್ಡಿ ಬಿಳಿ ಮಾಡುವುದೇ ನಮ್ಮ ಬದುಕು. ಆದರೂ ಅಷ್ಟು ಬಿಳಿಯದೊಂದು ನಮ್ಮ ಅಂಗಳಕ್ಕೆ ಅದುವರೆಗೆ ಬಂದಿರಲಿಲ್ಲ. ಎದುರಿಗೆ ದುಂಡಗಿನ ಗಾಜಿನ ಬಾಗಿಲು. ಅದರೊಳಗೆ ತೂತು ತೂತಿನ ಉಕ್ಕಿನ ಕೊಳಗ. ಬೆನ್ನಿನ ಮೇಲೆ ಕೆಂಪು ಶಾಯಿಯಲ್ಲಿ ಅರಬ್ಬಿ ಬರೆದ ಒಂದು ಚೀಟಿ ಅಂಟಿಸಿತ್ತು.

ಗಾಜಿನ ಬಾಗಿಲಿನೊಳಗೆ ಚಿಕ್ಕಪ್ಪನ ಕಾಗದವಿತ್ತು. ಓದುವವಳು ನಾನೇ. ಜಗಲಿಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಯಂತ್ರ ಹೊಸದಲ್ಲ, ನರ್ಸುಗಳ ವಸತಿಯಲ್ಲಿ ಇದ್ದದ್ದು, ಅವರು ಬೇರೆ ತಂದಾಗ ತನಗೆ ಕೊಟ್ಟರು ಎಂದು ಬರೆದಿದ್ದರು. ನೀರಿನ ಕೊಳವೆ ಎಲ್ಲಿ, ಸೋಪಿನ ಪುಡಿ ಎಲ್ಲಿ, ಗುಂಡಿಯನ್ನು ಎಷ್ಟು ತಿರುಗಿಸಬೇಕು ಎಂದು ಚಿತ್ರ ಬಿಡಿಸಿದ್ದರು. ರಕ್ತದ ಕಲೆಯಿದ್ದರೆ ಮೊದಲು ತಣ್ಣೀರಿನಲ್ಲಿ ಒಂದು ಸುತ್ತು. ಚಾದರಗಳನ್ನು ಗಂಟು ಮಾಡಿ ತುರುಕಬಾರದು, ಒಂದೊಂದಾಗಿ ಬಿಡಿಸಿ ಹಾಕಬೇಕು. ಕೊನೆಗೆ ಹೀಗಿತ್ತು: "ಕೊಳಗ ಪೂರ್ತಿ ನಿಲ್ಲುವವರೆಗೆ ಬಾಗಿಲಿಗೆ ಕೈ ಹಾಕಬೇಡಿ. ಇಲ್ಲಿ ನಮ್ಮ ಜೊತೆಯವನೊಬ್ಬನ ಎರಡು ಬೆರಳು ಹೋಯಿತು."

"ಅದನ್ನು ಇನ್ನೊಮ್ಮೆ ಓದು" ಎಂದಳು ಅಜ್ಜಿ.

ಓದಿದೆ.

"ಜೊತೆಯವನು ಅಂತ ಬರೆದಿದ್ದಾನಾ?"

"ಹೌದು ಅಜ್ಜಿ."

ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಅವನು ಅಲ್ಲಿ ಬಟ್ಟೆ ಒಗೀತಾ ಇದ್ದಾನೆ" ಎಂದಳು.

ಅಪ್ಪ ಅಂಗಳದ ಕಡೆ ನೋಡುತ್ತಿದ್ದರು. ಅಷ್ಟು ದೂರ, ಕಡಲು ದಾಟಿ ಹೋದ ಮಗ ಅಲ್ಲಿ ಏನು ಮಾಡುತ್ತಿದ್ದಾನೆ ಎಂಬುದನ್ನು ಬೆರಳಿನ ಒಂದು ಮಾತಿನಿಂದ ತಿಳಿದ ಅಜ್ಜಿಯನ್ನು ನಾನು ಬೆರಗಾಗಿ ನೋಡಿದೆ. ಅವಳಿಗೆ ಸಿಟ್ಟು ಬಂದಿರಲಿಲ್ಲ. ದುಃಖವೋ ಅಲ್ಲವೋ ನನಗೆ ತಿಳಿಯಲಿಲ್ಲ. "ಒಳಗೆ ತೆಗೆದುಕೊಳ್ಳಿ, ಇಬ್ಬನಿ ಬೀಳ್ತದೆ" ಎಂದಷ್ಟೇ ಹೇಳಿ ಎದ್ದು ಹೋದಳು.

ಒಳಗೆ ತೆಗೆದುಕೊಳ್ಳುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ನೀರು ಹರಿದು ಹೋಗುವ ಜಾಗ ಮನೆಯಲ್ಲಿ ಒಂದೇ, ಹಿಂದಿನ ಬಚ್ಚಲು. ಸ್ನಾನದ ನೀರು ಕಾಯಿಸುವ ಹಂಡೆ, ಒಲೆ, ಕಟ್ಟಿಗೆ ಎಲ್ಲ ಇದ್ದದ್ದು ಅಲ್ಲಿಯೇ. ಅದರ ಬಾಗಿಲು ಎಷ್ಟು ಕಿರಿದೆಂದರೆ ಸೊಂಟದಲ್ಲಿ ಕೊಡಪಾನ ಇಟ್ಟುಕೊಂಡು ಹೋಗುವಾಗ ಅಡ್ಡ ತಿರುಗಬೇಕು. ಯಂತ್ರ ಅರ್ಧವೂ ಹೋಗಲಿಲ್ಲ. ಬಾಗಿಲಿನ ದಾರಂದ ಕಿತ್ತರೆ ಹೇಗೆ ಎಂದು ಮೀನುಗಾರರಲ್ಲಿ ಹಿರಿಯರಾದವರು ಕೇಳಿದರು. ಅಪ್ಪ ಗೋಡೆಯ ಮೇಲೆ ಕೈ ತಟ್ಟಿ ತೋರಿಸಿದರು. ಒಳಗಿನಿಂದ ಮಣ್ಣು ಉದುರುವ ಸದ್ದು ಕೇಳಿಸಿತು.

"ದಾರಂದ ತೆಗೆದರೆ ಗೋಡೆಯೂ ಅದರ ಜೊತೆ ಬರ್ತದೆ. ಗೋಡೆ ಬಂದರೆ ಮಾಡು ಬರ್ತದೆ."

ಆ ಹಿರಿಯರು ತಲೆಯೆತ್ತಿ ಮಾಡನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ, "ಮಾಡು ಬರುವುದಾದರೆ ನಾವೇ ಮೊದಲು ಅದನ್ನು ತೆಗೆಯುವ" ಎಂದರು.

ಹಾಗೆಯೇ ಆಯಿತು. ಇಬ್ಬರು ಬಚ್ಚಲಿನ ಮೇಲೆ ಹತ್ತಿ ಹಂಚುಗಳನ್ನು ಒಂದೊಂದಾಗಿ ಕೆಳಗೆ ಕೊಟ್ಟರು. ಅಮ್ಮನೂ ನಾನೂ ಸಾಲಾಗಿ ಜೋಡಿಸಿದೆವು. ಎಷ್ಟೋ ವರ್ಷದ ಮಸಿ ಮೈಮೇಲೆಲ್ಲ ಬಿತ್ತು. ಹಂಚಿನ ಕೆಳಗಿನ ರೀಪು ಪಟ್ಟಿಗಳನ್ನು ಬಿಚ್ಚಿ, ಅವನ್ನು ಹೊತ್ತ ನಡುವಿನ ಎರಡು ಪಕ್ಕಾಸುಗಳನ್ನು ಸರಿಸಿದಾಗ ಬಚ್ಚಲಿನೊಳಗೆ ಮೊದಲ ಸಲ ಬಿಸಿಲು ಬಿತ್ತು. ಬಿಸಿಲಿನಲ್ಲಿ ನೋಡಿದರೆ ಅದು ನಮ್ಮ ಬಚ್ಚಲು ಎಂದೇ ಅನ್ನಿಸಲಿಲ್ಲ. ಗೋಡೆಗಳು ಹೊಳೆಯುವ ಕಪ್ಪು, ಹಂಡೆ ಮಾತ್ರ ಕೆಂಪಗೆ.

ಬಾವಿಯ ಪಕ್ಕದ ಹಲಸಿನ ಮರದ ಕೊಂಬೆ ಬಚ್ಚಲಿನ ಮೇಲಕ್ಕೆ ಚಾಚಿತ್ತು. ಅದಕ್ಕೆ ಬಾವಿಯ ರಾಟೆಗಿಂತ ದೊಡ್ಡ, ದೋಣಿಯವರ ರಾಟೆ ಕಟ್ಟಿದರು. ಬಲೆ ಎಳೆಯುವ ದಪ್ಪ ಹಗ್ಗ ಹಾಕಿದರು. ಮೂವರು ಎಳೆದರು, ಹಿರಿಯರು ಗೋಡೆಯ ಮೇಲೆ ಕಾಲು ಊರಿ ನಿಂತು ಕೈಸನ್ನೆ ಮಾಡಿದರು. ಯಂತ್ರ ನೆಲ ಬಿಟ್ಟು ಮೇಲೆದ್ದಿತು. ಮೆಲ್ಲಗೆ ತಿರುಗುತ್ತ ಗೋಡೆಗಿಂತ ಮೇಲೆ ಹೋಯಿತು. ಗಾಜಿನ ಬಾಗಿಲಿಗೆ ಬಿಸಿಲು ಬಿದ್ದು, ಅಲ್ಲಿ ನಿಂತವರ ಮುಖಗಳ ಮೇಲೆಲ್ಲ ಒಂದು ಬೆಳಕಿನ ಬಿಲ್ಲೆ ಹಾದುಹೋಯಿತು. ಹಗ್ಗದ ಕಿರುಗುಟ್ಟುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನನ್ನ ಪಕ್ಕದಲ್ಲಿ ಅಮ್ಮ ತನಗರಿವಿಲ್ಲದೆ ಕೈ ಮುಗಿದಿದ್ದಳು.

ಯಂತ್ರ ಬಚ್ಚಲಿನೊಳಗೆ ಇಳಿದು ನೆಲಕ್ಕೆ ತಾಗಿದಾಗ ಹಿರಿಯರು ಬೆವರು ಒರೆಸಿಕೊಂಡು, "ಇದು ಇನ್ನು ಹೊರಗೆ ಬರುವುದಿಲ್ಲ. ನಿಮ್ಮ ಮನೆಯವನೇ ಆದ ಹಾಗೆ" ಎಂದು ನಕ್ಕರು. ಅಮ್ಮ ಅವರಿಗೆಲ್ಲ ಅವಲಕ್ಕಿ, ಬೆಲ್ಲ, ಚಹಾ ಕೊಟ್ಟಳು. ಮಾಡು ಮುಚ್ಚಿಕೊಟ್ಟೇ ಅವರು ಹೋದರು.

ಆಮೇಲೆ ಕರೆಂಟಿನ ಕತೆ. ನಮ್ಮ ಮನೆಯಲ್ಲಿ ಇದ್ದದ್ದು ಮೂರು ಬಲ್ಬು, ಒಂದು ರೇಡಿಯೊ. ಯಂತ್ರದ ವಯರಿನ ತುದಿಯಲ್ಲಿ ಚಪ್ಪಟೆ ಹಲ್ಲಿನ ಪ್ಲಗ್ಗು ಇತ್ತು. ಅದು ಹೋಗುವ ತೂತು ಕಾಪುವಿನಲ್ಲೇ ಇರಲಿಲ್ಲ. ಕಟಪಾಡಿಯಿಂದ ವಯರಿಂಗ್ ಮಾಡುವವರೊಬ್ಬರನ್ನು ಅಪ್ಪ ಕರೆದು ತಂದರು. ಕನ್ನಡಕ ಹಾಕಿದ, ಮಾತು ಕಡಿಮೆಯ ಮನುಷ್ಯ. ಗೋಡೆಯ ಮೇಲಿನ ಹಳೆಯ ಮರದ ಪಟ್ಟಿ, ಅದರ ಮೇಲಿನ ಬಟ್ಟೆ ಸುತ್ತಿದ ವಯರು ನೋಡಿ ಬಾಯಿಯಲ್ಲಿ 'ಚ್ಚ್' ಎಂದರು.

"ಇದರಲ್ಲಿ ಕೊಟ್ಟರೆ ಮಿಷನ್ ತಿರುಗುವ ಮೊದಲು ಮನೆ ಹೊತ್ತಿಕೊಳ್ತದೆ. ಮೀಟರಿನಿಂದ ಬೇರೆ ಲೈನ್ ಎಳೆಯಬೇಕು. ಮತ್ತೆ ಅರ್ಥ್ ಬೇಕು. ನೀರು, ಕರೆಂಟು ಎರಡೂ ಒಂದೇ ಕಡೆ. ಅರ್ಥ್ ಇಲ್ಲದೆ ನಾನು ಕೊಡುವುದಿಲ್ಲ."

ಅರ್ಥ್ ಎಂದರೆ ಎಂತ ಎಂದು ನಮಗೆ ಗೊತ್ತಿರಲಿಲ್ಲ. ಬಾವಿಯಿಂದ ಸ್ವಲ್ಪ ಆಚೆ ಆಳದ ಹೊಂಡ ತೋಡಿಸಿದರು. ಅದರಲ್ಲಿ ಒಂದು ತಗಡು ನಿಲ್ಲಿಸಿ, ತಂತಿ ಬಿಗಿದು, ಸುತ್ತ ಇದ್ದಿಲು, ಉಪ್ಪು, ಇದ್ದಿಲು, ಉಪ್ಪು ಎಂದು ಪದರ ಪದರವಾಗಿ ತುಂಬಿಸಿದರು. ಇದ್ದಿಲು ಅಪ್ಪನ ಇಸ್ತ್ರಿ ಅಂಗಡಿಯದು. ಉಪ್ಪಿನ ಗೋಣಿ ಸಾಹೇಬರ ಅಂಗಡಿಯದು. ಕೊನೆಗೆ ಎರಡು ಕೊಡ ನೀರು ಹೊಯ್ಯಲು ಹೇಳಿದರು. ಅಜ್ಜಿ ದೂರದಲ್ಲಿ ನಿಂತು ನೋಡುತ್ತಿದ್ದವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಇದು ಯಾವ ದೈವಕ್ಕೆ?"

ಅವರು ನಗಲಿಲ್ಲ. "ಕರೆಂಟು ಸಿಟ್ಟು ಬಂದು ಹೊರಗೆ ಹಾರಿದರೆ ನಿಮ್ಮ ಮೈಗೆ ಬರಬಾರದಲ್ವಾ ಅಮ್ಮ? ಅದಕ್ಕೆ ಮಣ್ಣಿಗೆ ಹೋಗಲಿಕ್ಕೆ ದಾರಿ ಮಾಡಿ ಕೊಟ್ಟದ್ದು. ಬೇಸಗೆಯಲ್ಲಿ ದಿನಾ ಒಂದು ಚೊಂಬು ನೀರು ಇಲ್ಲಿಗೆ ಹಾಕಬೇಕು."

ಅಜ್ಜಿಗೆ ಇದು ಪೂರ್ತಿ ಅರ್ಥವಾಯಿತು. ಅವಳು ಇರುವಷ್ಟು ಕಾಲ ಆ ಹೊಂಡಕ್ಕೆ ಒಂದು ದಿನವೂ ನೀರು ತಪ್ಪಲಿಲ್ಲ.

ನೀರಿನದು ಇನ್ನೊಂದು ತೊಂದರೆ. ಯಂತ್ರಕ್ಕೆ ನಳ್ಳಿಯಿಂದ ನೀರು ಬರಬೇಕು. ನಮಗೆ ನಳ್ಳಿಯೆಲ್ಲಿ? ಅಪ್ಪ ಕೆಂಪುಕಲ್ಲಿನ ಎರಡು ಕಂಬ ಕಟ್ಟಿಸಿ ಅದರ ಮೇಲೆ ಒಂದು ಡ್ರಮ್ಮು ಕೂರಿಸಿದರು. ಕೆಳಗಿನಿಂದ ರಬ್ಬರ್ ಕೊಳವೆ. ಅಮ್ಮನೂ ನಾನೂ ಏಣಿ ಇಟ್ಟು ಕೊಡಪಾನದಲ್ಲಿ ನೀರು ತುಂಬಿಸಿದೆವು. ಒಂದು ಭಾನುವಾರ ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ವಯರಿಂಗ್‌ನವರು ಬಂದರು, ಸಾಹೇಬರು ಬಂದರು, ಬಚ್ಚಲಿನ ಬಾಗಿಲ ಹೊರಗೆ ಅಕ್ಕಪಕ್ಕದ ಹೆಂಗಸರು ನಿಂತರು. ಅಮ್ಮ ಲಾಡ್ಜಿನ ನಾಲ್ಕು ಚಾದರ ಒಳಗೆ ಹಾಕಿದಳು. ಗುಂಡಿ ತಿರುಗಿಸಿದರು.

ಯಂತ್ರ 'ಗುಂಯ್' ಎಂದಿತು. ಅಷ್ಟೇ. ಕಾದೆವು. ಕೊಳವೆ ಅಲ್ಲಾಡಲಿಲ್ಲ.

"ನೀರಿಗೆ ಫೋರ್ಸ್ ಇಲ್ಲ" ಎಂದರು ವಯರಿಂಗ್‌ನವರು. "ಡ್ರಮ್ಮು ಇನ್ನೂ ಎತ್ತರ ಹೋಗಬೇಕು. ತೆಂಗಿನ ಮರದಷ್ಟು."

ಸಾಹೇಬರು ಯಂತ್ರದ ಬೆನ್ನಿನ ಚೀಟಿ ನೋಡಲು ಕುಳಿತರು. "ನಿಮಗೆ ಅರಬ್ಬಿ ಬರ್ತದಲ್ವಾ, ಎಂತ ಬರೆದಿದ್ದಾರೆ?" ಎಂದು ಅಪ್ಪ ಕೇಳಿದರು. ಸಾಹೇಬರು ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿದರು.

"ಓದಲಿಕ್ಕೆ ಕಲಿತದ್ದು ಮದ್ರಸದಲ್ಲಿ. ಅಲ್ಲಿ ಅಕ್ಷರದ ಮೇಲೆ ಕೆಳಗೆ ಸ್ವರದ ಗುರುತು ಇರ್ತದೆ. ಇದಕ್ಕೆ ಗುರುತೇ ಇಲ್ಲ ಮಾರಾಯ. ಓದಿದರೂ ಅರ್ಥ ಯಾರಿಗೆ ಗೊತ್ತು? ಇದೊಂದು ಶಬ್ದ ಮಾತ್ರ ಗೊತ್ತುಂಟು. ಮೂರು ಅಂತ."

"ಎಂತ ಮೂರು?"

"ಅದೇ ಗೊತ್ತಿಲ್ಲ. ಎಂತದೋ ಮೂರು."

ಗಂಡಸರು ಮೂರರ ಬಗ್ಗೆ ಮಾತಾಡುತ್ತಿರುವಾಗ ಅಮ್ಮ ಹೋಗಿ ಕೊಡಪಾನದಲ್ಲಿ ನೀರು ತಂದಳು. ಚಿಕ್ಕಪ್ಪನ ಚಿತ್ರದಲ್ಲಿದ್ದ ಸೋಪಿನ ಖಾನೆಯನ್ನು ಎಳೆದು ಅದರಲ್ಲಿ ಚೊಂಬಿನಿಂದ ನೀರು ಹೊಯ್ಯತೊಡಗಿದಳು. ಸೋಪು ಒಳಗೆ ಹೋಗುವ ದಾರಿಯಲ್ಲಿ ನೀರೂ ಹೋಗಲೇಬೇಕಲ್ಲ ಎಂಬುದು ಅವಳ ಲೆಕ್ಕ. ವಯರಿಂಗ್‌ನವರು "ಅಯ್ಯೊ, ಬೇಡ" ಎನ್ನುವಷ್ಟರಲ್ಲಿ ಒಂದು ಕೊಡ ಮುಗಿದಿತ್ತು. ಎರಡನೆಯದರ ಅರ್ಧಕ್ಕೆ ಒಳಗೆಲ್ಲೋ 'ಟಕ್' ಎಂದಿತು.

ಕೊಳಗ ತಿರುಗಿತು.

ನಾನು ಗಾಜಿಗೆ ಮುಖ ಹಚ್ಚಿ ಕುಳಿತಿದ್ದೆ. ಚಾದರಗಳು ಮೇಲಕ್ಕೆ ಹತ್ತಿದವು, ಬಿದ್ದವು, ಮತ್ತೆ ಹತ್ತಿದವು. ಕೊಳಗ ನಿಂತು, ಉಲ್ಟಾ ತಿರುಗಿತು. ಅಜ್ಜಿ ಒಂದು ಕಡೆ ಬಡಿದು ಮಗುಚಿ ಇನ್ನೊಂದು ಕಡೆ ಬಡಿಯುತ್ತಿದ್ದಳಲ್ಲ, ಅದನ್ನು ಯಾರೋ ನೋಡಿ ಕಲಿತ ಹಾಗಿತ್ತು. ನೊರೆ ಎದ್ದು ಗಾಜು ಮುಚ್ಚಿತು. ಹೊರಗಿನ ಹೆಂಗಸರು ಒಬ್ಬರನ್ನೊಬ್ಬರು ತಳ್ಳಿಕೊಂಡು ಬಾಗಿಲಲ್ಲಿ ಇಣುಕಿದರು. ಅಮ್ಮ ಚೊಂಬು ಹಿಡಿದುಕೊಂಡೇ ನಿಂತಿದ್ದಳು, ಬಾಯಿ ಅರ್ಧ ತೆರೆದಿತ್ತು.

ಈ ಸಂತೋಷವೆಲ್ಲ ಬಟ್ಟೆ ಹಿಂಡುವ ಹೊತ್ತಿನವರೆಗೆ ಮಾತ್ರ. ಕೊಳಗ ವೇಗ ಹಿಡಿದದ್ದೇ ಯಂತ್ರ ನಡುಗತೊಡಗಿತು. ಆಮೇಲೆ ಕುಣಿಯಿತು. ಆಮೇಲೆ, ನಿಜವಾಗಿ, ನಡೆಯಿತು. ಇಳಿಜಾರಿನ ನೆಲದ ಮೇಲೆ ಧಡ್ ಧಡ್ ಎಂದು ನಮ್ಮ ಕಡೆಗೇ ಬಂತು. ಹಂಡೆಗೆ ಗುದ್ದಿತು. ಮಾಡಿನಿಂದ ಮಸಿ ಉದುರಿತು. ಹೆಂಗಸರು ಕೂಗಿಕೊಂಡು ಓಡಿದರು. ಅಮ್ಮ ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು, ಅವಳ ಹಲ್ಲುಗಳೂ ಕಟಕಟ ಎಂದವು. ಅಪ್ಪ ಓಡಿ ಹೋಗಿ ಮೈನ್ ಸ್ವಿಚ್ ಆರಿಸಿದರು.

ಎಲ್ಲ ಸ್ತಬ್ಧವಾದ ಮೇಲೆ ಅಜ್ಜಿ ಬಂದಳು. ಅದುವರೆಗೆ ಅವಳು ಅದನ್ನು ಮುಟ್ಟಿಯೇ ಇರಲಿಲ್ಲ. ಈಗ ಗಾಜಿನ ಬಾಗಿಲು ತೆರೆಸಿ, ಒದ್ದೆ ಚಾದರಗಳನ್ನು ಹೊರಗೆ ಹಾಕಿಸಿ, ಒಳಗೆ ಕೈ ಹಾಕಿ ಕೊಳಗವನ್ನು ಹಿಡಿದು ಮೇಲಕ್ಕೆ ಕೆಳಕ್ಕೆ ಅಲುಗಾಡಿಸಲು ನೋಡಿದಳು. ಅದು ತಿರುಗಿತು, ಆದರೆ ಅಲುಗಲಿಲ್ಲ.

"ಇದನ್ನು ಎಲ್ಲಿಯೋ ಕಟ್ಟಿ ಹಾಕಿದ್ದಾರೆ" ಎಂದಳು.

"ಮಿಷನ್ ಅಲ್ವಾ ಅಮ್ಮ, ಗಟ್ಟಿ ಇರಲೇಬೇಕು" ಎಂದರು ವಯರಿಂಗ್‌ನವರು.

"ಅಲ್ಲ. ನೀವು ಚಾದರ ಹಿಂಡಿದ್ದೀರಾ? ಹಿಂಡುವಾಗ ತೋಳು ಹೀಗೆ ಬಗ್ಗಬೇಕು, ಸೊಂಟ ಹೀಗೆ ತೂಗಬೇಕು. ಮರದ ಹಾಗೆ ನಿಂತು ಹಿಂಡಿದರೆ ಬೆನ್ನು ಹೋಗ್ತದೆ. ಇದು ಮರದ ಹಾಗೆ ನಿಂತಿದೆ. ಅದಕ್ಕೆ ಒದ್ದಾಡಿದ್ದು."

ಅವಳು ತೋಳು ಬಗ್ಗಿಸಿ, ಸೊಂಟ ತೂಗಿಸಿ ತೋರಿಸಿದಳು. ವಯರಿಂಗ್‌ನವರು ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದರು. ಆಮೇಲೆ ಯಂತ್ರದ ಬೆನ್ನಿನ ಕಡೆ ಹೋಗಿ ಕೂತರು. ಕೆಂಪು ಶಾಯಿಯ ಚೀಟಿಯ ಸುತ್ತ ಮೂರು ದಪ್ಪ ತಲೆಯ ಬೋಲ್ಟುಗಳಿದ್ದವು. ಅವು ಯಂತ್ರದ್ದೇ ಎಂದು ನಾವೆಲ್ಲ ತಿಳಿದಿದ್ದೆವು.

"ಮೂರು!" ಎಂದು ಸಾಹೇಬರು ಕೂಗಿದರು. "ಅದೇ ಮೂರು ಮಾರಾಯ್ರೆ!"

ಹಡಗಿನಲ್ಲಿ ಕೊಳಗ ಅಲುಗದಿರಲಿ ಎಂದು ಸಾಮಾನು ಕಟ್ಟಿದವರು ಬಿಗಿದ ಬೋಲ್ಟುಗಳು ಅವು. ಚಿಕ್ಕಪ್ಪನಿಗೂ ಗೊತ್ತಿರಲಿಲ್ಲ. ಒಂದೊಂದನ್ನೂ ಬಿಚ್ಚಿ ತೆಗೆದಾಗ ನನ್ನ ಗೇಣಿನಷ್ಟು ಉದ್ದವಿದ್ದವು. ಅಜ್ಜಿ ಮತ್ತೆ ಒಳಗೆ ಕೈ ಹಾಕಿ ಅಲುಗಿಸಿದಳು. ಈಗ ಕೊಳಗ ತೊಟ್ಟಿಲಿನ ಹಾಗೆ ತೂಗಿತು. ಅವಳು ತಲೆಯಾಡಿಸಿದಳು.

ಒಳಗೆ ಏನಾದರೂ ಸಡಿಲಾಗಿದೆಯೋ ನೋಡಬೇಕೆಂದು ವಯರಿಂಗ್‌ನವರು ಹಿಂದಿನ ತಗಡನ್ನೂ ತೆಗೆದರು. ಇಣುಕಿದವರು ಹಾಗೆಯೇ ನಿಂತುಬಿಟ್ಟರು.

"ಇದರೊಳಗೆ ಕಲ್ಲು ಉಂಟು."

"ಎಂತ ಕಲ್ಲು?"

"ಸಿಮೆಂಟಿನ ಕಲ್ಲು. ದೊಡ್ಡದು. ಬೋಲ್ಟ್ ಹಾಕಿ ಕೊಳಗಕ್ಕೆ ಬಿಗಿದಿದ್ದಾರೆ. ಇಷ್ಟು ಭಾರ ಯಾಕೆ ಅಂತ ಈಗ ಗೊತ್ತಾಯಿತು."

ನಾವೆಲ್ಲ ಸರದಿಯಲ್ಲಿ ಬಗ್ಗಿ ನೋಡಿದೆವು. ನಿಜ. ಹೊರಗಿನಿಂದ ಅಷ್ಟು ಹೊಳೆಯುವ ಯಂತ್ರದ ಹೊಟ್ಟೆಯಲ್ಲಿ ಬೂದು ಬಣ್ಣದ ಒರಟು ಕಲ್ಲೊಂದಿತ್ತು. ಅಜ್ಜಿ ಕೂತು, ಅದರ ಮೇಲೆ ಅಂಗೈ ಇಟ್ಟಳು. ಅವಳ ಮುಖದಲ್ಲಿ ಆವತ್ತು ನಾನು ಕಂಡದ್ದನ್ನು ಹೇಗೆ ಹೇಳುವುದೆಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ದೂರದ ಊರಿನಲ್ಲಿ ಅಚಾನಕ್ಕಾಗಿ ತಮ್ಮ ಕಡೆಯವರು ಸಿಕ್ಕಿದರೆ ಮುಖ ಹೇಗಾಗುತ್ತದೆಯೋ ಹಾಗೆ.

"ಮತ್ತೆ? ಕಲ್ಲಿಲ್ಲದೆ ಬಟ್ಟೆ ಒಗೆಯಲಿಕ್ಕೆ ಆಗ್ತದಾ?" ಎಂದಳು.

ಯಂತ್ರದ ಕಾಲುಗಳ ಕೆಳಗೆ ಹಲಸಿನ ಹಲಗೆಯ ತುಂಡು ಕೊಟ್ಟು ಮಟ್ಟ ಮಾಡಿದರು. ಅಜ್ಜಿಯೇ ಚಾದರಗಳನ್ನು ಒಂದೊಂದಾಗಿ ಬಿಡಿಸಿ, ಅಡ್ಡ ಒಂದು, ಉದ್ದ ಒಂದು ಹಾಕಿದಳು. ಮತ್ತೆ ನೀರು, ಮತ್ತೆ 'ಟಕ್', ಮತ್ತೆ ನೊರೆ. ಹಿಂಡುವ ಹೊತ್ತು ಬಂದಾಗ ಎಲ್ಲರೂ ಎರಡೆರಡು ಹೆಜ್ಜೆ ಹಿಂದೆ ಸರಿದರು, ಅಜ್ಜಿಯೊಬ್ಬಳನ್ನು ಬಿಟ್ಟು. ಅವಳು ಯಂತ್ರದ ತಲೆಯ ಮೇಲೆ ಕೈ ಇಟ್ಟಿದ್ದಳು. ಸದ್ದು ಏರಿತು. ಹಂಚುಗಳು ಸಣ್ಣಗೆ ಗುಂಯ್ಗುಟ್ಟಿದವು. ಒಳಗಿನ ಚಾದರ ಕಾಣಿಸದಷ್ಟು ವೇಗವಾಗಿ, ಬರೀ ಬಿಳಿ ಬೆಳಕಾಗಿ ತಿರುಗಿತು. ಯಂತ್ರ ನಿಂತಲ್ಲಿಂದ ಅಲುಗಲಿಲ್ಲ.

ಹೊರಗೆ ತೆಗೆದ ಚಾದರವನ್ನು ಅಮ್ಮ ಹಿಂಡಿ ನೋಡಿದಳು. ಒಂದು ಹನಿಯೂ ಬೀಳಲಿಲ್ಲ. ಇನ್ನೊಮ್ಮೆ ಹಿಂಡಿದಳು. ಮತ್ತೆ ಅದನ್ನು ಕೆನ್ನೆಗೆ ಒತ್ತಿಕೊಂಡಳು.

ಅಂದಿನಿಂದ ಎಲ್ಲ ಸುಖವಾಯಿತು ಎಂದರೆ ಸುಳ್ಳಾಗುತ್ತದೆ. ನೀರನ್ನು ಸೇದಿ, ಹೊತ್ತು, ಹೊಯ್ಯಬೇಕಿತ್ತು. ನಡುವೆ ಕರೆಂಟು ಹೋದರೆ ಒಳಗೆ ನೀರು ತುಂಬಿದ್ದರಿಂದ ಗಾಜಿನ ಬಾಗಿಲು ತೆರೆಯುವಂತಿರಲಿಲ್ಲ. ಲಾಡ್ಜಿನ ಚಾದರಗಳು ಮುಚ್ಚಿದ ಕೊಳಗದಲ್ಲೇ ಉಳಿಯುತ್ತಿದ್ದವು, ನಾವು ಹೊರಗೆ ಕಾಯುತ್ತಿದ್ದೆವು. ಸೋಪು ಜಾಸ್ತಿಯಾದರೆ ನೊರೆ ಅಡುಗೆಮನೆಯವರೆಗೆ ಬರುತ್ತಿತ್ತು. ಮಣಿಪಾಲದಲ್ಲಿ ಒಬ್ಬ ಡಾಕ್ಟರರ ಮನೆಗೂ ಇಂಥದೇ ಯಂತ್ರ ಬಂದಿದೆಯಂತೆ ಎಂದು ಅಪ್ಪ ಒಂದು ದಿನ ಸುದ್ದಿ ತಂದರು. "ಎಲ್ಲರ ಮನೆಗೂ ಬಂದರೆ ನಮಗೆ ಬಟ್ಟೆ ಕೊಡುವವರು ಯಾರು?" ಎಂದು ಕೇಳಿದರು. ಹೆರಿಗೆಯ ಮನೆಯ ಬಟ್ಟೆಯನ್ನು ಅಜ್ಜಿ ಅದಕ್ಕೆ ಹಾಕಲೇ ಇಲ್ಲ. ನಾನು ಯಾಕೆಂದು ಕೇಳಿದೆ. "ಅದು ಚೆನ್ನಾಗಿ ಒಗೀತದೆ. ಆದರೆ ಆ ಮನೆಯವರು ನನ್ನ ಕೈಗೆ ಕೊಟ್ಟದ್ದು" ಎಂದಳು.

ಆದರೆ ಯಂತ್ರ ತಿರುಗುವಷ್ಟು ಹೊತ್ತು ಅಮ್ಮನಿಗೆ ಮಾಡಲು ಕೆಲಸವಿರುತ್ತಿರಲಿಲ್ಲ. ಮೊದಮೊದಲು ಅವಳು ಬಚ್ಚಲಿನ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ ಒಂದು ಮಣೆ ಹಾಕಿ ಕೂತಳು. ಹಗಲು ಹೊತ್ತಿನಲ್ಲಿ ಅಮ್ಮ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಮಡಿಲಲ್ಲಿ ಇಟ್ಟು, ತೆಗೆದು, ಮತ್ತೆ ಇಡುತ್ತಿದ್ದಳು. ಒಂದು ದಿನ ಅಪ್ಪನ ಅಂಗಡಿಯಿಂದ ಬಂದ, ಬಟ್ಟೆ ಕಟ್ಟುವ ಹಳೆಯ ಪತ್ರಿಕೆಯೊಂದನ್ನು ಎತ್ತಿಕೊಂಡು ಅಕ್ಷರ ಕೂಡಿಸತೊಡಗಿದಳು. ಅವಳು ಮೂರನೆಯ ತರಗತಿಯವರೆಗೆ ಓದಿದವಳು. ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜಿಗೆ ಕೇಳುವ ಹಾಗೆ, ತಡವರಿಸುತ್ತ, ಎಂದೋ ಆದ ಸುದ್ದಿಗಳನ್ನು ಓದುತ್ತಿದ್ದಳು. ಬೆರಳಿನ ಸಂದು ಆ ವರ್ಷ ಬಿರಿಯಲಿಲ್ಲ.

ಮರುವರ್ಷ ಚಿಕ್ಕಪ್ಪ ರಜೆಯಲ್ಲಿ ಬಂದರು. ಬಂದ ಮೊದಲ ದಿನ ಯಂತ್ರದ ಮಾತೇ ಎತ್ತಲಿಲ್ಲ. ಅಲ್ಲಿನ ಕೆಲಸ ಎಂತದೆಂದು ನಮಗೆ ಗೊತ್ತಾಗಿದೆ ಎಂದು ಅವರಿಗೆ ತಿಳಿದಿತ್ತೆಂದು ಕಾಣುತ್ತದೆ, ಅಜ್ಜಿಯ ಮುಖ ನೋಡುವುದನ್ನು ತಪ್ಪಿಸುತ್ತಿದ್ದರು. ಎರಡನೆಯ ದಿನ ಬೆಳಿಗ್ಗೆ ಅಜ್ಜಿಯೇ ಅವರನ್ನು ಬಚ್ಚಲಿಗೆ ಕರೆದಳು.

"ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು ನೀನು?"

"ಹತ್ತು ಗಂಟೆ" ಎಂದರು ಚಿಕ್ಕಪ್ಪ.

"ನೆಲ ಒದ್ದೆಯಾ?"

"ಯಾವಾಗಲೂ ಒದ್ದೆ."

"ಬೆರಳು ತೋರಿಸು."

ಅವರು ಎರಡೂ ಕೈ ಚಾಚಿದರು. ಅಜ್ಜಿ ಹತ್ತು ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಹೊರಗೆ ಹೋಗಿ ತನ್ನ ಪಾಲಿನ ಲಾಡ್ಜಿನ ಗಂಟು ತಂದು ಅವರ ಎದುರು ಇಟ್ಟಳು. ಚಿಕ್ಕಪ್ಪ ಬಗ್ಗಿ, ಗಂಟು ಬಿಚ್ಚಿ, ಚಾದರಗಳನ್ನು ಕೊಡವಿ ಕೊಡವಿ ಒಳಗೆ ಹಾಕಿದರು. ನಮ್ಮ ಯಾರ ಕೈಯೂ ಅಷ್ಟು ಬೇಗ, ಅಷ್ಟು ಚಂದವಾಗಿ ಆ ಕೆಲಸ ಮಾಡಿರಲಿಲ್ಲ. ಅಮ್ಮ ನೀರು ಹೊಯ್ದಳು. ಯಂತ್ರ ತಿರುಗಿತು.

"ಅಲ್ಲಿ ಒಂದು ಕೋಣೆ ತುಂಬ ಇಂಥದು, ಇದಕ್ಕಿಂತ ಎಷ್ಟೋ ದೊಡ್ಡದು" ಎಂದರು ಚಿಕ್ಕಪ್ಪ. "ಐದಾರು ವರ್ಷದಲ್ಲಿ ಒಂದು ದಿನವೂ ಕೂತು ನೋಡಿದ್ದಿಲ್ಲ. ಒಂದಕ್ಕೆ ಹಾಕುವಷ್ಟರಲ್ಲಿ ಇನ್ನೊಂದು ಮುಗಿದಿರ್ತದೆ."

"ಹಾಗಾದರೆ ಕೂತುಕೋ" ಎಂದಳು ಅಜ್ಜಿ.

ಅವರು ಮಣೆಯ ಮೇಲೆ ಕೂತರು. ಅಮ್ಮ ಹಂಡೆಯ ಕಟ್ಟೆಯ ಮೇಲೆ, ಅಜ್ಜಿ ಗೋಡೆಗೆ ಒರಗಿ, ನಾನು ಬಾಗಿಲಲ್ಲಿ. ಗಾಜಿನೊಳಗೆ ಚಾದರ ಹತ್ತಿತು, ಬಿತ್ತು, ಹತ್ತಿತು. ಚಿಕ್ಕಪ್ಪ ಮ್ಯಾಟಿನಿ ನೋಡುವವರ ಹಾಗೆ ಕೆನ್ನೆಗೆ ಕೈಕೊಟ್ಟು ಕಣ್ಣು ಕೀಳದೆ ನೋಡುತ್ತಿದ್ದರು. ಅಂಗಡಿಗೆ ಹೊರಟಿದ್ದ ಅಪ್ಪ ಕೂಗಿ ಕರೆದರೂ ಕೊಳಗ ನಿಲ್ಲುವವರೆಗೆ ನಮ್ಮಲ್ಲಿ ಯಾರೂ ಏಳಲಿಲ್ಲ.